ಪ್ರವೇಶ ಮತ್ತು ಪಂಕ್ತಿ

‘ಪಂಕ್ತಿ’ ಎಂಬ ಮಾತಿಗೆ ನಮ್ಮ ನುಡಿಯಲ್ಲಿ ಎರಡು ಅರ್ಥಗಳುಂಟು. ಬರೆದ ಸಾಲೂ ಪಂಕ್ತಿಯೆ, ಉಣಲು ಕುಳಿತವರ ಸಾಲೂ ಪಂಕ್ತಿಯೆ. ಮೊದಲನೆಯದು ಪಾಠ ಹೇಳುವ ನನ್ನಂಥವರ ಕಸುಬಿಗೆ ಸೇರಿದ್ದು. ಎರಡನೆಯದು ಎಲ್ಲರಿಗೂ ಸೇರಿದ್ದು. ‘ಪಂಕ್ತಿಭೇದ’ವೆಂಬ ಸಮಾಸಪದದ ಅರ್ಥವಂತೂ ನಿಘಂಟನ್ನು ತೆರೆಯದವರಿಗೂ ಗೊತ್ತು. ಒಂದೇ ಚಪ್ಪರದ ಕೆಳಕ್ಕೆ ಎಲ್ಲರನ್ನೂ ಕರೆಯುವುದು; ಕರೆದಮೇಲೆ ಬೇರೆ ಬೇರೆ ಸಾಲುಗಳಲ್ಲಿ ಕೂರಿಸಿ ಬೇರೆ ಬೇರೆಯಾಗಿ ಬಡಿಸುವುದು. ಹಾಗೆ ಕುಳಿತವನನ್ನು ಯಾರೂ ಹೊರಗಿಟ್ಟಿಲ್ಲ. ಆದರೆ ಒಳಗೂ ಸೇರಿಸಿಕೊಂಡಿಲ್ಲ. ‘ಬಂದಿರಿ, ಉಂಡಿರಿ, ಇನ್ನೇನು ಕೊರತೆ?’ ಎಂದು ಕೇಳಿದರೆ ಅವನು ಉತ್ತರ ಹೇಳಲಾರ. ಕೊರತೆ ಎಲೆಯಲ್ಲಿಲ್ಲ, ಸಾಲಿನಲ್ಲಿದೆ.

ನಾವು ದುಡಿಯುವ ಕಛೇರಿ, ಕಾಲೇಜು, ಕಾರ್ಖಾನೆಗಳನ್ನು ಕುರಿತು ಯೋಚಿಸುವಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ಇಂದು ಒಂದು ಸಾಧಾರಣ ಕಛೇರಿಯಲ್ಲಿಯೂ ಹತ್ತಾರು ಜಾತಿಯವರು, ಮೂರು ನಾಲ್ಕು ಧರ್ಮದವರು, ಬೇರೆ ಬೇರೆ ಸೀಮೆಯ ನುಡಿಯವರು, ಗಂಡಸರು, ಹೆಂಗಸರು, ಕಣ್ಣಿಲ್ಲದವರು, ಕಾಲಿನ ಬಲವಿಲ್ಲದವರು ಒಟ್ಟಿಗೆ ಕೆಲಸಮಾಡುತ್ತಾರೆ. ಬೆಂಗಳೂರಿನ ದೊಡ್ಡ ಕಂಪೆನಿಗಳಲ್ಲಿ ಈ ವೈವಿಧ್ಯವನ್ನು ನೋಡಿಕೊಳ್ಳುವುದಕ್ಕೆಂದೇ ಅಧಿಕಾರಿಗಳುಂಟು, ತರಬೇತಿಯ ದಿನಗಳುಂಟು. ಒಳ್ಳೆಯದೇ. ಆದರೆ ಹೊಸ ಪಾರಿಭಾಷಿಕ ಪದಗಳನ್ನು ಕಲಿಯುವ ಮುನ್ನ ನಮ್ಮ ಹಳೆಯ ಎರಡು ಮಾತುಗಳನ್ನು ಬೇರ್ಪಡಿಸಿ ತಿಳಿದುಕೊಂಡರೆ ಅರ್ಧ ಕೆಲಸ ಆದಂತೆ. ಪ್ರವೇಶ ಬೇರೆ, ಪಂಕ್ತಿ ಬೇರೆ. ಪ್ರವೇಶವನ್ನು ಸರ್ಕಾರ ಕೊಡಿಸಬಲ್ಲದು. ಪಂಕ್ತಿಯಲ್ಲಿ ಎಡೆ ಕೊಡಬೇಕಾದವರು ಪಕ್ಕದ ಮೇಜಿನವರು.

ಈ ಭೇದವನ್ನು ನೂರು ವರ್ಷಗಳ ಹಿಂದಿನ ಎರಡು ಸಂಗತಿಗಳು ಬಹಳ ಸ್ಪಷ್ಟವಾಗಿ ತೋರಿಸುತ್ತವೆ. ಎರಡೂ ನಡೆದದ್ದು ಪ್ರಗತಿಪರವೆಂದು ಹೆಸರಾದ ದೇಶೀಯ ಸಂಸ್ಥಾನಗಳಲ್ಲಿ. ಎರಡಕ್ಕೂ ನಡುವಣ ಅಂತರ ಸುಮಾರು ಒಂದೇ ವರ್ಷ.

1918ರಲ್ಲಿ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರವು ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಸರ್ಕಾರಿ ಹುದ್ದೆಗಳು ಬಹುಪಾಲು ಒಂದೇ ಸಮುದಾಯದ ಕೈಯಲ್ಲಿದ್ದ ಕಾಲ ಅದು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧವೂ ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲೂ ಉಳಿದ ಸಮುದಾಯಗಳಿಗೆ ದೊರೆಯಬೇಕೆಂದು ಸಮಿತಿ 1919ರ ತನ್ನ ವರದಿಯಲ್ಲಿ ಸಲಹೆಮಾಡಿತು. ದಕ್ಷತೆ ಕುಂದೀತೆಂಬ ಶಂಕೆ ಆಗಲೂ ಎದ್ದಿತ್ತು. ಆದರೂ ಬಾಗಿಲು ತೆರೆಯಿತು. ಹಳ್ಳಿಯ ಒಕ್ಕಲಿನ ಮಗನಿಗೂ ಕುರುಬರ, ಗಾಣಿಗರ ಮಗನಿಗೂ ಓದಿದರೆ ಒಂದು ಕುರ್ಚಿಯುಂಟು ಎಂಬ ನಂಬಿಕೆ ಹುಟ್ಟಿತು. ನಮ್ಮ ನಾಡಿನ ಇತಿಹಾಸದಲ್ಲಿ ಇದು ಸಣ್ಣ ಸಂಗತಿಯಲ್ಲ.

ಇದಕ್ಕೆ ಒಂದು ವರ್ಷ ಮೊದಲು, 1917ರಲ್ಲಿ, ಬರೋಡದ ಕಛೇರಿಗೆ ಒಬ್ಬ ತರುಣರು ಅಧಿಕಾರಿಯಾಗಿ ಬಂದರು. ಅಮೆರಿಕದ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿಯೂ ಲಂಡನ್ನಿನಲ್ಲಿಯೂ ಓದಿದವರು. ಅಮೆರಿಕದ ಓದಿಗೆ ವೇತನ ಕೊಟ್ಟವರೂ ಕೆಲಸ ಕೊಟ್ಟವರೂ ಮಹಾರಾಜ ಸಯ್ಯಾಜಿರಾವ್ ಗಾಯಕವಾಡರೇ. ಅಂದಮೇಲೆ ಪ್ರವೇಶಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಆದರೆ ಜವಾನರು ಕಾಗದಪತ್ರಗಳನ್ನು ದೂರದಿಂದಲೇ ಅವರ ಮೇಜಿನ ಮೇಲೆ ಎಸೆಯುತ್ತಿದ್ದರೆಂದೂ ಅವರಿಗೆ ಕುಡಿಯುವ ನೀರು ಸಿಕ್ಕುತ್ತಿರಲಿಲ್ಲವೆಂದೂ ಧನಂಜಯ ಕೀರರು ಜೀವನಚರಿತ್ರೆಯಲ್ಲಿ ಬರೆದಿದ್ದಾರೆ. ಊರಿನಲ್ಲಿ ತಂಗಲು ಎಡೆ ದೊರೆಯದೆ ಪಾರ್ಸಿಗಳ ವಸತಿಗೃಹವೊಂದರಲ್ಲಿ ಪಾರ್ಸಿಯ ಹೆಸರಿನಲ್ಲಿ ಉಳಿದುಕೊಳ್ಳಬೇಕಾಯಿತು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಗುಂಪೊಂದು ಬಂದು ಅಲ್ಲಿಂದಲೂ ಹೊರಡಿಸಿತು. ಉದ್ಯಾನವೊಂದರಲ್ಲಿ ಗಂಟೆಗಟ್ಟಲೆ ಕುಳಿತಿದ್ದು ರಾತ್ರಿಯ ರೈಲು ಹತ್ತಿದ ಈ ಕಥೆಯನ್ನು ಡಾಕ್ಟರ್ ಅಂಬೇಡ್ಕರರು ತಾವೇ ಬರೆದಿಟ್ಟಿದ್ದಾರೆ. ಮರುವರ್ಷ ಮುಂಬಯಿಯ ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ಪ್ರಾಧ್ಯಾಪಕರಾದಾಗ, ಅಧ್ಯಾಪಕರಿಗೆಂದು ಇಟ್ಟಿದ್ದ ನೀರನ್ನು ಅವರು ಕುಡಿಯುವುದಕ್ಕೆ ಸಹೋದ್ಯೋಗಿಗಳಲ್ಲಿ ಕೆಲವರು ಆಕ್ಷೇಪಿಸಿದರೆಂದೂ ಕೀರರು ಹೇಳುತ್ತಾರೆ.

ಮಹಾರಾಜರ ಸದಿಚ್ಛೆ ಹುದ್ದೆಯವರೆಗೆ ಬಂತು, ನೀರಿನ ಹೂಜಿಯವರೆಗೆ ಬರಲಿಲ್ಲ. ಆಜ್ಞಾಪತ್ರವನ್ನು ಬರೆದವರು ಅರಮನೆಯವರು. ಹೂಜಿಯನ್ನು ಕಾಯುತ್ತಿದ್ದವರು ಕಛೇರಿಯವರು. ಪ್ರವೇಶಕ್ಕೂ ಪಂಕ್ತಿಗೂ ಇರುವ ದೂರ ಇಷ್ಟೆ. ಈ ದೂರವನ್ನು ದಾಟಿಸುವವರಿಲ್ಲದೆ ಬರೋಡ ಕಳೆದುಕೊಂಡದ್ದು ಎಂಥ ಅಧಿಕಾರಿಯನ್ನು ಎಂಬುದನ್ನು ಮುಂದಿನ ಇತಿಹಾಸ ಹೇಳಿತು.

‘ಅದು ಆ ಕಾಲ, ಈಗ ಕಾನೂನು ಇದೆಯಲ್ಲ’ ಎನ್ನುವವರುಂಟು. ನಿಜ, ಬಾಗಿಲುಗಳು ಒಂದಾದಮೇಲೊಂದು ತೆರೆದಿವೆ. ಸಂವಿಧಾನ ಅವಕಾಶದ ಸಮಾನತೆಯನ್ನು ಸಾರಿತು, ಅಸ್ಪೃಶ್ಯತೆಯನ್ನು ತೊಡೆದುಹಾಕಿತು. 2013ರ ಕಾಯಿದೆಯಂತೆ ಹತ್ತು ಮತ್ತು ಅದಕ್ಕೂ ಹೆಚ್ಚು ಜನ ದುಡಿಯುವ ಎಡೆಯಲ್ಲೆಲ್ಲ ಹೆಂಗಸರ ದೂರನ್ನು ಕೇಳುವ ಸಮಿತಿ ಇರಲೇಬೇಕು. 2016ರ ಕಾಯಿದೆ ಏಳು ಬಗೆಯ ಅಂಗವೈಕಲ್ಯಗಳಿಗೆ ಬದಲಾಗಿ ಇಪ್ಪತ್ತೊಂದನ್ನು ಗುರುತಿಸಿ, ಸರ್ಕಾರಿ ಉದ್ಯೋಗದ ಮೀಸಲನ್ನು ನೂರಕ್ಕೆ 3ರಿಂದ 4ಕ್ಕೆ ಏರಿಸಿತು. 2021ರಲ್ಲಿ ಕರ್ನಾಟಕ ಸರ್ಕಾರ ಲಿಂಗತ್ವ ಅಲ್ಪಸಂಖ್ಯಾತರಿಗೆ ತನ್ನ ನೇಮಕಾತಿಯಲ್ಲಿ ನೂರಕ್ಕೆ ಒಂದರ ಮೀಸಲು ಕೊಟ್ಟಿತು. ಅದಕ್ಕೆ ಎರಡು ವರ್ಷ ಮೊದಲೇ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರ ಪೀಠದಲ್ಲಿ ಕುಳಿತಿದ್ದರು. ಇವುಗಳಲ್ಲಿ ಒಂದನ್ನೂ ನಾನು ಕಡಿಮೆಯೆಂದು ಬಗೆಯುವುದಿಲ್ಲ. ಬಾಗಿಲೇ ತೆರೆಯದಿದ್ದರೆ ಪಂಕ್ತಿಯ ಮಾತೆಲ್ಲಿಯದು?

ಆದರೆ ಬಾಗಿಲು ದಾಟಿದಮೇಲೆ ನಡೆಯುವುದನ್ನೂ ನೋಡಬೇಕು. ಕಾಲೇಜಿನಲ್ಲಿ ಸಮಾರಂಭವೊಂದು ನಡೆಯಲಿದೆ ಎನ್ನಿ. ರಂಗವಲ್ಲಿ, ಹೂಗುಚ್ಛ, ಸ್ವಾಗತಗೀತೆ, ಉಪಾಹಾರ ಇವು ಅಧ್ಯಾಪಕಿಯರ ಪಾಲು. ಹಣಕಾಸು, ಕಟ್ಟಡ, ಅತಿಥಿಗಳ ಆಯ್ಕೆ ಇವು ಅಧ್ಯಾಪಕರ ಪಾಲು. ಹೀಗೆಂದು ಯಾರೂ ಆಜ್ಞೆಮಾಡಿಲ್ಲ. ಪಟ್ಟಿ ಮಾತ್ರ ಪ್ರತಿ ವರ್ಷ ಹೀಗೆಯೇ ಸಿದ್ಧವಾಗುತ್ತದೆ. ಕಣ್ಣಿಲ್ಲದ ಉಪನ್ಯಾಸಕರೊಬ್ಬರು ಕಛೇರಿಗೆ ಬಂದರೆ ಗುಮಾಸ್ತರು ಅವರ ಕೈಹಿಡಿದು ಬಂದ ಹುಡುಗನನ್ನು ‘ಇವರಿಗೆ ಏನು ಬೇಕಂತೆ?’ ಎಂದು ಕೇಳುತ್ತಾರೆ. ಕಣ್ಣಿಲ್ಲದವರಿಗೆ ಕಿವಿಯಿದೆ ಎಂಬುದು ಮರೆತುಹೋಗುತ್ತದೆ. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಮೇಜುಗಳು ತಾವಾಗಿ ಬೇರೆಯಾಗುತ್ತವೆ. ಹೊಸಬರು ಬಂದಾಗ ‘ಯಾವ ಕಡೆಯವರು? ತಂದೆಯವರ ಹೆಸರೇನು?’ ಎಂಬ ವಿಚಾರಣೆ ಎಷ್ಟೋ ವೇಳೆ ಊರನ್ನು ತಿಳಿಯಲು ಆಗಿರುವುದಿಲ್ಲ.

ನಮ್ಮ ಭಾಷೆಯಂತೂ ಪಂಕ್ತಿಭೇದಕ್ಕೆ ಬಹಳ ಸೂಕ್ಷ್ಮವಾದ ಸಾಧನವನ್ನು ಒದಗಿಸುತ್ತದೆ. ‘ನೀನು’ ಎಂಬುದಕ್ಕೂ ‘ನೀವು’ ಎಂಬುದಕ್ಕೂ ನಡುವೆ ಇರುವುದು ಒಂದು ಅಕ್ಷರದ ವ್ಯತ್ಯಾಸ. ಮೊನ್ನೆ ಕೆಲಸಕ್ಕೆ ಸೇರಿದ ಇಪ್ಪತ್ತೈದರ ಅಧಿಕಾರಿಗೆ ‘ಬನ್ನಿ ಸಾರ್’. ಮೂವತ್ತು ವರ್ಷ ಆ ನೆಲವನ್ನು ಒರೆಸಿದ ಹೆಂಗಸಿಗೆ ‘ಬಾ ಇಲ್ಲಿ’. ವ್ಯಾಕರಣದಲ್ಲಿ ಬಹುವಚನಕ್ಕೆ ಸಂಖ್ಯೆಯ ಅರ್ಥವಲ್ಲದೆ ಗೌರವದ ಅರ್ಥವೂ ಉಂಟೆಂದು ತರಗತಿಯಲ್ಲಿ ನಾನು ಹೇಳುತ್ತೇನೆ. ಆ ಗೌರವ ಸಂಬಳದ ಶ್ರೇಣಿಯನ್ನು ಅನುಸರಿಸಬೇಕೆಂದು ಯಾವ ವ್ಯಾಕರಣಕಾರನೂ ಹೇಳಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ದೋಣಿ ನಡೆಸುವವನು ಚೌಡಯ್ಯ, ಚರ್ಮ ಹದಮಾಡುವವನು ಕಕ್ಕಯ್ಯ, ಅಕ್ಕಿ ಆಯುವವಳು ಲಕ್ಕಮ್ಮ. ಕಸುಬು ಹೆಸರಿನ ಮೊದಲಿಗೆ ನಿಂತಿತು. ಆದರೂ ‘ಅಯ್ಯ’ ‘ಅಮ್ಮ’ಗಳಿಗೆ ಅದು ಅಡ್ಡಬರಲಿಲ್ಲ. ಕೆಲಸವನ್ನು ಮರೆಮಾಚದೆ ಕೆಲಸದವರನ್ನು ಗೌರವಿಸಬಹುದೆಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷ್ಯ ಬೇಕೆ?

ನಾನು ಹಿಂದೆ ಕೆಲಸಮಾಡುತ್ತಿದ್ದ ದಕ್ಷಿಣದ ಒಂದು ಕಾಲೇಜಿಗೆ ಸುರಪುರದ ಕಡೆಯ ತರುಣರೊಬ್ಬರು ಇತಿಹಾಸದ ಉಪನ್ಯಾಸಕರಾಗಿ ಬಂದರು. ಮೊದಲ ದಿನ ಕೋಣೆಗೆ ಬಂದವರೇ ‘ನಮಸ್ಕಾರ್ರೀ, ಎಲ್ಲಾರೂ ಆರಾಮ ಅದೀರಿಲ್ರೀ?’ ಎಂದರು. ಅಂದಿನಿಂದ ಅವರ ಮಾತು ಅಧ್ಯಾಪಕರ ಕೋಣೆಯ ವಿನೋದವಾಯಿತು. ಅವರು ಬಾಗಿಲಲ್ಲಿ ಕಾಣಿಸಿದರೆ ಸಾಕು, ಯಾರಾದರೊಬ್ಬರು ‘ಏನ್ರೀ ಮಾಸ್ತರ್ರೀ, ಊಟ ಆತೇನ್ರೀ?’ ಎಂದು ಅಣಕಿಸುವರು, ಉಳಿದವರು ನಗುವರು. ಯಾರ ಮನಸ್ಸಿನಲ್ಲಿಯೂ ದ್ವೇಷವಿರಲಿಲ್ಲ. ಅದನ್ನು ಸ್ನೇಹವೆಂದೇ ಅವರು ತಿಳಿದಿದ್ದರು. ಆರು ತಿಂಗಳಲ್ಲಿ ಆ ತರುಣರು ಮೌನಿಯಾದರು. ಸಭೆಗಳಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಎರಡು ಮಾತು. ಬಿಡುವಿನ ವೇಳೆಯಲ್ಲಿ ಗ್ರಂಥಭಂಡಾರದ ಮೂಲೆ.

ಆ ಗ್ರಂಥಭಂಡಾರದ ಒಡತಿ, ನಿವೃತ್ತಿಯ ಅಂಚಿನಲ್ಲಿದ್ದ ಹಿರಿಯರು, ಒಂದು ದಿನ ನಮ್ಮ ಕೋಣೆಯಲ್ಲಿ ಕುಳಿತಿದ್ದಾಗ ಅಣಕು ಎಂದಿನಂತೆ ನಡೆಯಿತು. ಅವರು ನಗಲಿಲ್ಲ. ಕನ್ನಡಕವನ್ನು ತೆಗೆದಿಟ್ಟು, ಅಣಕಿಸಿದವರನ್ನು ಕುರಿತು, ‘ಇದರಲ್ಲಿ ನಗುವಂಥದ್ದು ಯಾವುದು? ನನಗೆ ತಿಳಿಯಲಿಲ್ಲ, ಸ್ವಲ್ಪ ಬಿಡಿಸಿ ಹೇಳಿ’ ಎಂದರು. ಧ್ವನಿಯಲ್ಲಿ ಕೋಪವಿರಲಿಲ್ಲ. ಬಿಡಿಸಿ ಹೇಳಲು ಯಾರಿಂದಲೂ ಆಗಲಿಲ್ಲ. ಆಮೇಲೆ ಅವರು ತರುಣರ ಕಡೆಗೆ ತಿರುಗಿ, ‘ನಮ್ಮ ಹುಡುಗರಿಗೆ ಸುರಪುರದ ವೆಂಕಟಪ್ಪನಾಯಕನ ವಿಷಯವನ್ನು ನಿಮ್ಮ ಮಾತಿನಲ್ಲಿಯೇ ಹೇಳಬೇಕಲ್ಲ’ ಎಂದು ಕೇಳಿಕೊಂಡರು. ಮುಂದಿನ ವಾರ ಆ ಉಪನ್ಯಾಸ ನಡೆಯಿತು. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಆ ತರುಣ ಅರಸನ ಕಥೆಯನ್ನು, ಬಾಲ್ಯದಲ್ಲಿ ಅವನನ್ನು ಬೆಳೆಸಿದ ಮೆಡೋಸ್ ಟೇಲರನ ಕಥೆಯನ್ನು ಆ ಸೀಮೆಯ ಕನ್ನಡದಲ್ಲಿಯೇ ಕೇಳಿದ ವಿದ್ಯಾರ್ಥಿಗಳು ಗಂಟೆ ಹೊಡೆದರೂ ಏಳಲಿಲ್ಲ. ಆ ಆರು ತಿಂಗಳ ಮೌನದಲ್ಲಿ ನಷ್ಟವಾದದ್ದು ಅವರೊಬ್ಬರಿಗೆ ಮಾತ್ರವಲ್ಲ, ಇಡೀ ಕಾಲೇಜಿಗೆ.

ಆ ಕಡೆಯ ಮಾತಿನಲ್ಲಿ ವಾಕ್ಯವಾಕ್ಯಕ್ಕೂ ಬರುವ ‘ರೀ’ ಎಂಬುದು ಗೌರವದ ಪ್ರತ್ಯಯ. ನಗುತ್ತಿದ್ದವರು ಗೌರವವನ್ನು ಕೇಳಿ ನಗುತ್ತಿದ್ದರು! ಇನ್ನೊಂದು ಮಾತೂ ಉಂಟು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳೆಂದು ಹೆಸರಿಸುವುದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡನ್ನು. ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರಗಳ ಸೀಮೆಯನ್ನು. ಎಲ್ಲವೂ ಉತ್ತರದವೇ. ಪ್ರಾಂತಪ್ರಾಂತದ ಕನ್ನಡಗಳ ಬಗೆಯನ್ನೆಲ್ಲ ಅರಿತು ಹೇಳಲು ಸಾವಿರ ನಾಲಗೆಯ ವಾಸುಕಿಗೂ ಸಾಧ್ಯವಾಗದೆಂಬ ಭಾವವೂ ಆ ಗ್ರಂಥದಲ್ಲಿದೆ. ಅನ್ಯರ ವಿಚಾರವನ್ನೂ ಅನ್ಯರ ಧರ್ಮವನ್ನೂ ತಾಳಿಕೊಳ್ಳುವ ಶಕ್ತಿಯೇ ದೊಡ್ಡ ಸಂಪತ್ತೆಂದು ಹೇಳಿದ ಗ್ರಂಥವೂ ಅದೇ. ಆ ಮಾತಿಗೆ ನಾವು ಹೆಮ್ಮೆಪಡುತ್ತೇವೆ, ಪಡತಕ್ಕದ್ದೇ. ಆದರೆ ಸೈರಣೆ ಮೊದಲ ಮೆಟ್ಟಿಲು ಮಾತ್ರ. ಸೈರಿಸಿಕೊಂಡವರನ್ನು ಬೇರೆ ಸಾಲಿನಲ್ಲಿಯೂ ಕೂರಿಸಬಹುದಷ್ಟೆ.

‘ಹೀಗೆ ಪ್ರತಿಯೊಂದು ಮಾತನ್ನೂ ತೂಗಿ ಆಡಬೇಕಾದರೆ ಕಛೇರಿಯಲ್ಲಿ ಬಾಯಿ ಬಿಡುವುದೇ ಕಷ್ಟ, ನಗುವೇ ಇಲ್ಲದ ಜಾಗದಲ್ಲಿ ದುಡಿಯುವುದು ಹೇಗೆ?’ ಎಂದು ಗೆಳೆಯರೊಬ್ಬರು ಕೇಳಿದರು. ಪ್ರಶ್ನೆ ಉಪೇಕ್ಷಿಸುವಂಥದಲ್ಲ. ಮಾತು ಹೆದರಿಕೆಯಿಂದ ಬಿಗಿದರೆ ಸ್ನೇಹ ಒಣಗುತ್ತದೆ. ಆದರೆ ಒಂದನ್ನು ಗಮನಿಸಬೇಕು. ಮೇಲಧಿಕಾರಿಯ ಎದುರಿಗೆ ನಾವೆಲ್ಲ ಮಾತನ್ನು ತೂಗಿಯೇ ಆಡುತ್ತೇವೆ. ಅದು ನಮಗೆ ಹೊರೆಯೆನಿಸುವುದಿಲ್ಲ. ಹೊರೆಯೆನಿಸುವುದು ಕೆಳಗಿನವರ, ಹೊಸಬರ, ಒಬ್ಬಂಟಿಗರ ಎದುರಿಗೆ ತೂಗಬೇಕಾದಾಗ. ಅಂದಮೇಲೆ ಕಷ್ಟವಿರುವುದು ತೂಗುವುದರಲ್ಲಿ ಅಲ್ಲ. ಹಾಸ್ಯದ ಮಾತೂ ಹಾಗೆಯೇ. ಯಾರನ್ನು ಕುರಿತು ನಕ್ಕೆವೋ ಅವರೂ ಬಿಚ್ಚುಮನಸ್ಸಿನಿಂದ ನಗಬಲ್ಲರಾದರೆ, ತಿರುಗಿ ನಮ್ಮನ್ನೂ ನಗಬಲ್ಲರಾದರೆ, ಅದು ಹಾಸ್ಯ. ನಗು ಒಂದೇ ದಿಕ್ಕಿಗೆ ಹರಿಯುತ್ತಿದ್ದರೆ ಅದಕ್ಕೆ ಬೇರೆ ಹೆಸರು ಹುಡುಕಬೇಕು.

ಈ ಸೂಕ್ಷ್ಮಪ್ರಜ್ಞೆ ಹುಟ್ಟುಗುಣವೋ ಕಲಿತು ಬರುವುದೋ? ನಮ್ಮ ಕಾವ್ಯಮೀಮಾಂಸಕರು ‘ಸಹೃದಯ’ನೆಂಬ ಓದುಗನನ್ನು ಕುರಿತು ಇದೇ ಪ್ರಶ್ನೆಯನ್ನು ಎತ್ತಿದರು. ಕಾವ್ಯದ ನಿರಂತರವಾದ ಅಭ್ಯಾಸದಿಂದ ಯಾರ ಮನಸ್ಸಿನ ಕನ್ನಡಿ ತಿಳಿಯಾಗಿದೆಯೋ ಅವನು ಸಹೃದಯ ಎಂಬುದು ಅಭಿನವಗುಪ್ತನ ಅಭಿಪ್ರಾಯ. ಒಳ್ಳೆಯತನವಿದ್ದರೆ ಸಾಕೆಂದು ಅವನು ಹೇಳಲಿಲ್ಲ; ಅಭ್ಯಾಸ ಬೇಕೆಂದ. ಕಛೇರಿಯ ಸಹೃದಯತೆಗೂ ಇದೇ ದಾರಿ. ಒಂದು ದಿನದ ತರಬೇತಿಯಿಂದ ಅದು ಬಾರದು. ದಿನದಿನದ ಸಣ್ಣ ನಡೆಗಳಿಂದ ಬರುತ್ತದೆ. ಹುದ್ದೆಯನ್ನು ನೋಡದೆ ಎಲ್ಲರನ್ನೂ ‘ನೀವು’ ಎನ್ನುವುದು. ಪರಿಚಯವಿಲ್ಲದ ಸೀಮೆಯ, ಪರಿಚಯವಿಲ್ಲದ ಧರ್ಮದ ಹೆಸರನ್ನು ಮೊಟಕುಮಾಡದೆ ಸರಿಯಾಗಿ ಉಚ್ಚರಿಸಲು ಕಲಿಯುವುದು. ಕಣ್ಣಿಲ್ಲದವರ ಕೈಯನ್ನು ಹಿಡಿದೆಳೆಯುವ ಮುನ್ನ ‘ನೆರವು ಬೇಕೆ?’ ಎಂದು ಕೇಳುವುದು. ಸಮಾರಂಭದ ಕೆಲಸಗಳ ಪಟ್ಟಿಯನ್ನು ಒಂದು ವರ್ಷ ತಿರುವುಮುರುವು ಮಾಡಿ ನೋಡುವುದು. ಸಭೆಯಲ್ಲಿ ಮೂರು ಬಾರಿ ಬಾಯಿ ತೆರೆದು ಮುಚ್ಚಿದವರ ಕಡೆಗೆ ತಿರುಗಿ ‘ನೀವೇನೋ ಹೇಳುವುದರಲ್ಲಿದ್ದಿರಿ’ ಎನ್ನುವುದು. ಎಲ್ಲಕ್ಕೂ ಮಿಗಿಲಾಗಿ, ಎಲ್ಲರೂ ನಗುವಾಗ ನಗದೆ ಕುಳಿತಿರುವುದು. ಆ ಕೋಣೆಯಲ್ಲಿ ಹಿರಿಯರಾದವರಿಗೆ ಈ ಕೊನೆಯದು ಕರ್ತವ್ಯವೇ ಸರಿ. ಕಿರಿಯರು ಅವರ ಮುಖವನ್ನು ನೋಡಿಯೇ ನಗಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ.

ಇವುಗಳಲ್ಲಿ ಯಾವುದಕ್ಕೂ ಸರ್ಕಾರದ ಆದೇಶ ಬೇಕಿಲ್ಲ, ಹಣ ಬೇಕಿಲ್ಲ, ಸಮಿತಿ ಬೇಕಿಲ್ಲ. ಆದುದರಿಂದಲೇ ಇವನ್ನು ಮಾಡದಿರುವುದಕ್ಕೆ ನೆಪವೂ ಸಿಕ್ಕುವುದಿಲ್ಲ. ಬಾಗಿಲನ್ನು ತೆರೆಯುವ ಹೋರಾಟವನ್ನು ನಮಗಿಂತ ದೊಡ್ಡವರು ಮಾಡಿದರು, ಇನ್ನೂ ಮಾಡುತ್ತಿದ್ದಾರೆ. ತೆರೆದ ಬಾಗಿಲಿನಿಂದ ಒಳಕ್ಕೆ ಬಂದವರು ಹೊಸ್ತಿಲ ಬಳಿಯೇ ನಿಂತಿರುವಾಗ, ಕುಳಿತಿರುವವರು ಸ್ವಲ್ಪ ಸರಿದುಕೊಂಡರೆ ಸಾಕು, ಪಂಕ್ತಿ ಒಂದಾಗುತ್ತದೆ.