ದೂರದ ವಿಮಾನ ಪ್ರಯಾಣ: ಕಾಲಿನ ಕಡೆ ಗಮನವಿರಲಿ

ಲಂಡನ್ನಿನಲ್ಲಿ ಕೆಲಸಕ್ಕಿರುವ ಮಗಳು ಅಪ್ಪ ಅಮ್ಮನಿಗೆ ಟಿಕೆಟ್ ಕಳಿಸುವುದು ಈಗ ಚಿಂತಾಮಣಿ, ಗೌರಿಬಿದನೂರಿನ ಮನೆಗಳಲ್ಲೂ ಅಪರೂಪವೇನಲ್ಲ. 2008ರಲ್ಲಿ ದೇವನಹಳ್ಳಿ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲಂತೂ ಚಿಕ್ಕಬಳ್ಳಾಪುರದವರಿಗೆ ಅದು ಬೆಂಗಳೂರು ಪೇಟೆಗಿಂತ ಹತ್ತಿರ. ಹೊರಡುವವರು 'ಎಷ್ಟು ದೂರ?' ಎಂದು ಕೇಳುತ್ತಾರೆ. ಆರೋಗ್ಯದ ದೃಷ್ಟಿಯಿಂದ ಕೇಳಬೇಕಾದದ್ದು 'ಎಷ್ಟು ಹೊತ್ತು ಕುಳಿತಿರಬೇಕು?' ಎಂದು.

ಲಂಡನ್ನಿನಿಂದ ಪ್ಯಾರಿಸ್ಸಿಗೆ ಸುಮಾರು 350 ಕಿ.ಮೀ. ವಿಮಾನದಲ್ಲಿ ಒಂದೂಕಾಲು ಗಂಟೆ. ಕಾಲಿಗೆ ಅದೊಂದು ಲೆಕ್ಕವೇ ಅಲ್ಲ. ಬೆಂಗಳೂರಿನಿಂದ ಲಂಡನ್ನಿಗಾದರೋ ಸುಮಾರು 8,000 ಕಿ.ಮೀ., ನೇರ ವಿಮಾನದಲ್ಲೇ ಹತ್ತು ಗಂಟೆಗೂ ಹೆಚ್ಚು. ಊರಿನಿಂದ ಕಾರಿನಲ್ಲಿ ಬಂದ ಹೊತ್ತು, ನಿಲ್ದಾಣದ ಕುರ್ಚಿಯಲ್ಲಿ ಕಾದ ಹೊತ್ತು ಬೇರೆ.

ನಾವು ನಡೆಯುವಾಗ ಮೀನಖಂಡದ ಸ್ನಾಯುಗಳು ಬಿಗಿದು ಸಡಿಲಗೊಳ್ಳುತ್ತಾ, ಕಾಲಿನ ರಕ್ತವನ್ನು ಪಂಪಿನಂತೆ ಮೇಲಕ್ಕೆ ತಳ್ಳುತ್ತವೆ. ಮಂಡಿ ಮಡಿಸಿ ಗಂಟೆಗಟ್ಟಲೆ ಕುಳಿತರೆ ಈ ಪಂಪು ನಿಂತುಬಿಡುತ್ತದೆ. ರಕ್ತ ನಿಧಾನವಾಗಿ, ಒಳಗಿನ ಅಭಿಧಮನಿಯಲ್ಲಿ ಹೆಪ್ಪುಗಟ್ಟಬಹುದು. ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ನಾಲ್ಕು ಗಂಟೆ ಮೀರಿದ ಪ್ರಯಾಣದಿಂದ ಈ ಸಾಧ್ಯತೆ ಸುಮಾರು ಎರಡರಷ್ಟಾಗುತ್ತದೆ. ಹಾಗೆಂದು ಗಾಬರಿ ಬೇಡ. ಆರೋಗ್ಯವಂತರಲ್ಲಿ ಇದು ಸುಮಾರು 6,000 ಮಂದಿಗೆ ಒಬ್ಬರಿಗೆ. ಇನ್ನೊಂದು ಮಾತು: ತಪ್ಪು ವಿಮಾನದ್ದಲ್ಲ, ಅಲುಗಾಡದೆ ಕೂರುವುದರದ್ದು. ರಾತ್ರಿಯಿಡೀ ಬಸ್ಸಿನಲ್ಲಿ ಕೂರುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಹಿಂದೊಮ್ಮೆ ಹೆಪ್ಪುಗಟ್ಟಿದವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು, ಕ್ಯಾನ್ಸರ್ ರೋಗಿಗಳು, ಗರ್ಭಿಣಿಯರು, ಬಾಣಂತಿಯರು, ಗರ್ಭನಿರೋಧಕ ಮಾತ್ರೆ ನುಂಗುವವರು, ತುಂಬಾ ದಪ್ಪಗಿರುವವರು ಟಿಕೆಟ್ ಕೊಳ್ಳುವ ಮುಂಚೆಯೇ ವೈದ್ಯರನ್ನು ಕಾಣಬೇಕು. ಶಿಡ್ಲಘಟ್ಟದ ರೇಷ್ಮೆ ಕೆಲಸದಲ್ಲಿ ವರ್ಷಾನುಗಟ್ಟಲೆ ನಿಂತು ಕಾಲಿನ ನರ ಉಬ್ಬಿಸಿಕೊಂಡವರೂ ಅಷ್ಟೇ. ಬಿಗಿ ಕಾಲುಚೀಲ ಬೇಕೇ ಎಂಬುದನ್ನು ಅವರೇ ಅಳತೆ ನೋಡಿ ಹೇಳಲಿ. ಪಕ್ಕದ ಮನೆಯವರ ಮಾತು ಕೇಳಿ ಆಸ್ಪಿರಿನ್ ನುಂಗಬೇಡಿ.

ಉಳಿದವರಿಗೆ ಉಪಾಯ ಸುಲಭ. ನಡುದಾರಿಯ ಪಕ್ಕದ ಸೀಟು ಕೇಳಿ ಪಡೆಯಿರಿ. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಓಡಾಡಿ. ಕುಳಿತಲ್ಲೇ ಹಿಮ್ಮಡಿ ಎತ್ತಿ ಇಳಿಸಿ. ಶೌಚಾಲಯಕ್ಕೆ ಹೋಗಲು ಸಂಕೋಚವೆಂದು ನಮ್ಮ ಹೆಂಗಸರು ನೀರನ್ನೇ ಕುಡಿಯುವುದಿಲ್ಲ. ಇದು ಸರಿಯಲ್ಲ. ನಿದ್ದೆ ಮಾತ್ರೆ, ಮದ್ಯ ಬೇಡ. ಮಗಳ ಬಾಣಂತನಕ್ಕೆ ಹೊರಟ ತಾಯಿ ರಾಗಿಹಿಟ್ಟು, ಸಾರಿನಪುಡಿ ಜೋಡಿಸುವ ಸಡಗರದಲ್ಲಿ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ದೊಡ್ಡ ಪೆಟ್ಟಿಗೆಗೆ ಹಾಕುವುದುಂಟು. ಅವು ಕೈಚೀಲದಲ್ಲಿರಲಿ.

ತಲುಪಿದ ಮೇಲೆ, ಅಥವಾ ಊರಿಗೆ ಮರಳಿದ ನಾಲ್ಕು ವಾರಗಳೊಳಗೆ, ಒಂದೇ ಕಾಲು ಊದಿ, ಬಿಸಿಯಾಗಿ, ಮೀನಖಂಡ ನೋಯತೊಡಗಿದರೆ ಉಳುಕು ಎಂದು ಎಣ್ಣೆ ಹಚ್ಚಿ ತಿಕ್ಕಬೇಡಿ. ಆ ದಿನವೇ ವೈದ್ಯರಿಗೆ ತೋರಿಸಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ. ದೂರ ಪ್ರಯಾಣ ಮಾಡಿ ಬಂದ ವಿಷಯವನ್ನು ಅಲ್ಲಿ ಮೊದಲು ಹೇಳಿ.