ಅಂಗೈಯೊಳಗಣ ತಂತ್ರಾಂಶ

ಯಂತ್ರವು ಮಾಡಬೇಕಾದ ಕೆಲಸವನ್ನು ಹಂತಹಂತವಾಗಿ ಅದಕ್ಕೆ ತಿಳಿಸುವ ಆದೇಶಗಳ ಸಮುದಾಯಕ್ಕೆ ತಂತ್ರಾಂಶವೆಂದು ಹೆಸರು. ಮನೆ ಕಟ್ಟುವವರಿಗೆ ಒಂದು ಕ್ರಮವಿರುವಂತೆ ತಂತ್ರಾಂಶವನ್ನು ರಚಿಸುವವರಿಗೂ ಒಂದು ಕ್ರಮವುಂಟು. ಅಗತ್ಯವನ್ನು ಅರಿಯುವುದು, ನಕ್ಷೆ ಹಾಕುವುದು, ಬರೆಯುವುದು, ಪರೀಕ್ಷಿಸುವುದು, ಬಳಕೆಗೆ ಒಪ್ಪಿಸುವುದು – ಇವು ಅದರ ಮೆಟ್ಟಿಲುಗಳು. ಒಂದು ಮೆಟ್ಟಿಲು ಪೂರ್ತಿಯಾಗಿ ಮುಗಿದ ಮೇಲೆಯೇ ಮತ್ತೊಂದನ್ನು ಏರುವುದು ಹಿಂದೆ ವಾಡಿಕೆಯಾಗಿತ್ತು. 2001ರಲ್ಲಿ ಅಮೆರಿಕದ ಯೂಟಾ ರಾಜ್ಯದಲ್ಲಿ ಕಲೆತ 17 ಮಂದಿ ತಜ್ಞರು 'ಅಜೈಲ್' ಎಂಬ ಬೇರೊಂದು ಮಾರ್ಗವನ್ನು ಸಾರಿದರು. ಸ್ವಲ್ಪ ಸ್ವಲ್ಪವಾಗಿ ಕಟ್ಟುವುದು, ಬಳಸುವವರಿಗೆ ತೋರಿಸುವುದು, ಅವರ ಮಾತು ಕೇಳಿ ತಿದ್ದುವುದು – ಇದೇ ಅದರ ತಿರುಳು.

2008ರಲ್ಲಿ ಆಪಲ್ ಮತ್ತು ಗೂಗಲ್ ಸಂಸ್ಥೆಗಳು ಮೊಬೈಲ್ ಆಪ್‌ಗಳ ಅಂಗಡಿಗಳನ್ನು ತೆರೆದಾಗ ಈ ಮಾರ್ಗಕ್ಕೂ ಹೊಸ ತೊಡಕೊಂದು ಎದುರಾಯಿತು. ಜಾಲತಾಣದ ತಂತ್ರಾಂಶವು ಸಂಸ್ಥೆಯ ಗಣಕಗಳಲ್ಲಿಯೇ ಇರುತ್ತದೆ. ಬೆಳಿಗ್ಗೆ ಕಂಡ ದೋಷವನ್ನು ಸಂಜೆಯೊಳಗೆ ತಿದ್ದಬಹುದು. ಆಪ್ ಆದರೋ ಬಳಕೆದಾರನ ಕೈಯಲ್ಲಿರುತ್ತದೆ. ತಿದ್ದಿದ ಆವೃತ್ತಿಯನ್ನು ಮೊದಲು ಅಂಗಡಿಯವರು ಒಪ್ಪಬೇಕು, ಬಳಿಕ ಬಳಕೆದಾರನು ಸ್ವೀಕರಿಸಬೇಕು. ಬಿಟ್ಟ ಬಾಣ ಬತ್ತಳಿಕೆಗೆ ಮರಳುವುದುಂಟೇ?

ಫೇಸ್‌ಬುಕ್ ಸಂಸ್ಥೆಯ ಅನುಭವವು ಇದಕ್ಕೆ ಒಳ್ಳೆಯ ನಿದರ್ಶನ. ಅದು ಮೊದಲು ಜಾಲಪುಟಗಳನ್ನೇ ಆಪ್‌ನೊಳಗೆ ತೋರಿಸಲು ಯತ್ನಿಸಿತು. ಆಪ್ ನಿಧಾನವಾಯಿತು, ಜನ ಬೇಸತ್ತರು. 2012ರಲ್ಲಿ ಐಫೋನ್ ಹಾಗೂ ಆಂಡ್ರಾಯ್ಡ್‌ಗಳಿಗೆ ತಕ್ಕಂತೆ ಬೇರೆಬೇರೆಯಾಗಿ ಅದನ್ನು ಹೊಸದಾಗಿ ರಚಿಸಲಾಯಿತು. ಕೆಲಸದ ಕ್ರಮವೂ ಬದಲಾಯಿತು. ಗೊತ್ತಾದ ಹೊತ್ತಿಗೆ ರೈಲು ಹೊರಡುತ್ತದೆ. ಸಿದ್ಧನಾಗದ ಪ್ರಯಾಣಿಕನು ಮುಂದಿನ ರೈಲಿಗೆ ಕಾಯುತ್ತಾನೆ. ಅಂತೆಯೇ ನಾಲ್ಕು ವಾರಗಳಿಗೊಮ್ಮೆ ಹೊಸ ಆವೃತ್ತಿ ಹೊರಡತೊಡಗಿತು. 2017ರ ವೇಳೆಗೆ ಈ ಅವಧಿ ಒಂದು ವಾರಕ್ಕೆ ಇಳಿಯಿತು. ಪ್ರತಿ ಆವೃತ್ತಿಯನ್ನೂ ಮೊದಲು ನೌಕರರು, ಅನಂತರ ಕೆಲವೇ ಬಳಕೆದಾರರು, ಕೊನೆಗೆ ಎಲ್ಲರೂ ಬಳಸುವ ಏರ್ಪಾಡಾಯಿತು. ಹೊಸ ಸೌಲಭ್ಯವು ಕೆಟ್ಟರೆ ದೂರದಿಂದಲೇ ಅದನ್ನು ಆರಿಸಿಬಿಡುವ ಗುಂಡಿಯಂತಹ ಉಪಾಯವನ್ನೂ ಅಳವಡಿಸಲಾಯಿತು.

ಇಷ್ಟಾದರೂ ಒಂದು ಕೊರತೆ ಉಳಿದಿತ್ತು. ತಯಾರಕರ ಕೈಯಲ್ಲಿ ಉತ್ತಮ ಫೋನುಗಳು, ಕಚೇರಿಯಲ್ಲಿ ವೇಗದ ಸಂಪರ್ಕ. ಬಳಸುವವರಲ್ಲಿ ಅನೇಕರಿಗೆ ಎರಡೂ ಇಲ್ಲ. 2013ರಲ್ಲಿ ಸಂಸ್ಥೆಯ ಕೆಲವರು ಆಫ್ರಿಕಕ್ಕೆ ಹೋಗಿ, ಅಲ್ಲಿ ದೊರೆಯುವ ಫೋನುಗಳನ್ನು ಕೊಂಡು ತಮ್ಮ ಆಪನ್ನು ತಾವೇ ಬಳಸಿನೋಡಿದರು. ತಿಂಗಳಿಗೆಂದು ಕೊಂಡ ಡೇಟಾ 40 ನಿಮಿಷಗಳಲ್ಲಿ ಮುಗಿದುಹೋಯಿತು! ದಿನಗೂಲಿಯವನಿಗೆ ಅದು ಬೆವರಿನ ಹಣವಲ್ಲವೇ? ಹಿಂದಿರುಗಿದವರು ಆಪ್‌ನ ಗಾತ್ರವನ್ನೂ ಡೇಟಾ ಬಳಕೆಯನ್ನೂ ತಗ್ಗಿಸಲು ಶ್ರಮಿಸಿದರು. ಹಳೆಯ ಫೋನುಗಳಲ್ಲಿ ಪರೀಕ್ಷಿಸುವುದು ಅವರ ಕ್ರಮದ ಅಂಗವಾಯಿತು. 2015ರಲ್ಲಿ ಒಂದು ಎಂಬಿಗಿಂತ ಚಿಕ್ಕದಾದ 'ಫೇಸ್‌ಬುಕ್ ಲೈಟ್' ಹೊರಬಂದಿತು. ಅದೇ ವರ್ಷ, ಭಾರತದಂತಹ ದೇಶಗಳ ಬಳಕೆದಾರರ ಪಾಡನ್ನು ಅರಿಯಲೆಂದು, ನೌಕರರು ಮಂಗಳವಾರದಂದು ಒಂದು ಗಂಟೆ ನಿಧಾನವಾದ 2ಜಿ ಸಂಪರ್ಕವನ್ನೇ ಬಳಸಿನೋಡುವ ಅವಕಾಶ ಕಲ್ಪಿಸಲಾಯಿತು.

ಕ್ರಮವೆಂಬುದು ಕಲ್ಲಿನಲ್ಲಿ ಕೊರೆದ ಶಾಸನವಲ್ಲ. ಉಪಕರಣ ಬದಲಾದಂತೆ, ಅದನ್ನು ಹಿಡಿದ ಕೈ ಬದಲಾದಂತೆ ಅದೂ ಬದಲಾಗಬೇಕು. ಆ ಕೈ ಯಾರದೆಂದು ಅರಿಯುವುದೇ ತಯಾರಕನ ಮೊದಲ ಪಾಠ.