ಬೆಟ್ಟ ಇಳಿದ ವರ್ಷ, ಬೆಲೆ ಏರಿದ ವರ್ಷ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಅಡಿಕೆ ತೋಟದ ಮನೆಗಳಲ್ಲಿ ವರ್ಷವೆಂಬುದು ಜನವರಿಯ ಮೊದಲ ತಾರೀಖಿಗೆ ಹುಟ್ಟುವುದಿಲ್ಲ. ಬೇವು-ಬೆಲ್ಲ ಮೆಲ್ಲುವ ಯುಗಾದಿಯೂ ಅದಕ್ಕೆ ನಿಜವಾದ ಆರಂಭವಲ್ಲ. ಅಡಿಕೆಯ ಗೊನೆಯನ್ನು ಆ ಸೀಮೆಯವರು ಕೊನೆ ಎನ್ನುತ್ತಾರೆ. ಅದನ್ನು ಕೊಯ್ಯುವವನು ಕೊನೆಗೌಡ. ದೀಪಾವಳಿಯ ಆಸುಪಾಸಿನಲ್ಲಿ ಕೊನೆಗೌಡನು ಮರವೇರಿ ಮೊದಲ ಕೊನೆಯನ್ನು ಹಗ್ಗದ ಮೇಲೆ ಜಾರಿಬಿಟ್ಟ ದಿನವೇ ಮನೆಯ ಲೆಕ್ಕದಲ್ಲಿ ಹೊಸ ವರ್ಷ. ಮದುವೆ, ಮುಂಜಿ, ಮಗನ ಕಾಲೇಜು, ಮಾಡಿನ ಹಂಚು ಎಲ್ಲವೂ ಅಲ್ಲಿಂದ ಮುಂದಿನ ಮಾತು.

ಈ ಅಳತೆಯಲ್ಲಿ ನೋಡಿದರೆ, 2020ರ ದೀಪಾವಳಿಯಿಂದ 2021ರ ದೀಪಾವಳಿಯವರೆಗಿನ ಹನ್ನೆರಡು ತಿಂಗಳನ್ನು ಆ ನಾಡಿನ ಜನ ಇಂದಿಗೂ ಬೆರಳು ಮಡಿಸಿ ಎಣಿಸುತ್ತಾರೆ. ಇಷ್ಟೊಂದು ಸುಖವನ್ನೂ ಇಷ್ಟೊಂದು ದುಃಖವನ್ನೂ ಒಂದೇ ವರ್ಷದ ಬುಟ್ಟಿಯಲ್ಲಿ ತುಂಬಿ ತಂದ ಕಾಲ ಅಪರೂಪವೇ ಸರಿ.

ಮೊದಲು ಸುಖದ ಮಾತು. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುವಂಥದು. 2020ರ ಜಾತ್ರೆ ಮಾರ್ಚ್ ತಿಂಗಳ ಮೊದಲ ಭಾಗದಲ್ಲಿ ಮುಗಿದು ಎರಡೇ ವಾರದಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಬೆಂಗಳೂರಿನ ಕಂಪನಿಗಳಲ್ಲಿ ದುಡಿಯುತ್ತಿದ್ದ ಮಕ್ಕಳು ಗಂಟುಮೂಟೆ ಕಟ್ಟಿಕೊಂಡು ಊರಿಗೆ ಬಂದರು. ವರ್ಷಕ್ಕೆ ನಾಲ್ಕು ದಿನ ಮುಖ ತೋರಿಸಿ ಹೋಗುತ್ತಿದ್ದವರು ತಿಂಗಳುಗಟ್ಟಲೆ ನಿಂತರು. ವೃದ್ಧ ದಂಪತಿಗಳಿಬ್ಬರೇ ಓಡಾಡುತ್ತಿದ್ದ ದೊಡ್ಡ ದೊಡ್ಡ ಮನೆಗಳಲ್ಲಿ ಮತ್ತೆ ಹತ್ತು ಎಲೆಯ ಪಂಕ್ತಿ ಬಿತ್ತು. ಮನೆಯೊಳಗೆ ಮೊಬೈಲಿಗೆ ನೆಟ್‌ವರ್ಕ್ ಸಿಗದೆ, ಹುಡುಗರು ಗುಡ್ಡದ ನೆತ್ತಿಯಲ್ಲಿ ತಾಡಪತ್ರಿಯ ಚಪ್ಪರ ಕಟ್ಟಿಕೊಂಡು ಕಚೇರಿಯ ಕೆಲಸವನ್ನೂ ಕಾಲೇಜಿನ ಪಾಠವನ್ನೂ ಸಾಗಿಸಿದರು. ಕಷ್ಟವೇನೋ ಹೌದು, ಆದರೆ ಸಂಜೆಯಾದೊಡನೆ ಮಗ ಮನೆಗೆ ಇಳಿದು ಬರುತ್ತಿದ್ದನಲ್ಲ, ಆ ತಾಯಿಗೆ ಅದಕ್ಕಿಂತ ಬೇರೆ ಹಬ್ಬ ಬೇಕಾಗಿರಲಿಲ್ಲ.

ಆ ಚಳಿಗಾಲದ ಕೊಯ್ಲಿನಲ್ಲಿ ಪೇಟೆಯಿಂದ ಬಂದ ಕೈಗಳೂ ನೆರವಾದವು. ಅಡಿಕೆಯ ಸಂಸ್ಕರಣೆ ಪಟ್ಟಣದ ವಾಚಕರು ಊಹಿಸುವಷ್ಟು ಸರಳವಲ್ಲ. ಹಸಿರಾಗಿದ್ದಾಗಲೇ ಕೊಯ್ದು, ಮೆಟ್ಟುಕತ್ತಿಯ ಮುಂದೆ ಕುಳಿತು ಸಿಪ್ಪೆ ಸುಲಿದು, ಹಂಡೆಯಲ್ಲಿ ಬೇಯಿಸಿ, ತೊಗರಿನ ಬಣ್ಣವೂಡಿ ಒಣಗಿಸಿದರೆ ಅದು ಕೆಂಪಡಿಕೆ. ಪೇಟೆಯಲ್ಲಿ ಅದಕ್ಕೆ ರಾಶಿ, ಬೆಟ್ಟೆ ಮೊದಲಾದ ಹೆಸರು. ಮರದಲ್ಲಿಯೇ ಹಣ್ಣಾಗಲು ಬಿಟ್ಟು, ಸಿಪ್ಪೆಸಹಿತ ಅಂಗಳದಲ್ಲಿ ಸುಮಾರು ನಲವತ್ತು ದಿನ ಬಿಸಿಲುಣಿಸಿ, ಆಮೇಲೆ ಸುಲಿದರೆ ಅದು ಚಾಲಿ. ಕೆಂಪಡಿಕೆಗೆ ಕೂಲಿ ಹೆಚ್ಚು, ಹಣ ಬೇಗ. ಚಾಲಿಗೆ ಕೂಲಿ ಕಡಿಮೆ, ತಾಳ್ಮೆ ಹೆಚ್ಚು. ಯಾವುದನ್ನು ಮಾಡಬೇಕೆಂಬುದು ಮನೆಯ ಯಜಮಾನನ ಸ್ವಭಾವಕ್ಕಿಂತ ಹೆಚ್ಚಾಗಿ ಅವನ ಸಾಲದ ಮೇಲೆ ನಿಂತ ಪ್ರಶ್ನೆ. 1923ರಲ್ಲಿ ಶಿರಸಿಯಲ್ಲಿ ಹುಟ್ಟಿದ ತೋಟಗಾರರ ಸಹಕಾರಿ ಮಾರಾಟ ಸಂಘವೂ ಹಳ್ಳಿಹಳ್ಳಿಯ ಸೊಸೈಟಿಗಳೂ ಬೆಳೆಯ ಮೇಲೆ ಮುಂಗಡ ಕೊಡುತ್ತವೆ. ಖಾಸಗಿ ಸಾಹುಕಾರನ ಹಿಡಿತವನ್ನು ಸಡಿಲಿಸಿದ ಪುಣ್ಯ ಈ ಸಹಕಾರಿ ವ್ಯವಸ್ಥೆಯದು. ಆದರೂ ಮಾರ್ಚ್ 31 ಬಂತೆಂದರೆ ಸಾಲದ ಕಂತು ಕಟ್ಟಲೇಬೇಕು. ಸಣ್ಣ ಹಿಡುವಳಿಯವನು ಆ ಹೊತ್ತಿಗೆ ಅಟ್ಟ ಬರಿದು ಮಾಡುತ್ತಾನೆ. ದೊಡ್ಡ ತೋಟದವನು ಬೆಲೆಯ ದಾರಿ ಕಾಯುತ್ತಾನೆ. ಈ ಮಾತನ್ನು ನೆನಪಿನಲ್ಲಿಡಬೇಕು.

ಬೇಸಿಗೆಯಲ್ಲಿ ಗಾಳಿ ತಿರುಗಿತು. ಕೊರೋನಾದ ಎರಡನೆಯ ಅಲೆಯೆದ್ದು, ಏಪ್ರಿಲ್ 27ರ ರಾತ್ರಿಯಿಂದ ರಾಜ್ಯದಲ್ಲಿ ಮತ್ತೆ ನಿರ್ಬಂಧ ಬಿತ್ತು. ವೈಶಾಖದ ಮದುವೆಗಳು ಬೆರಳೆಣಿಕೆಯ ಜನರೆದುರು ನಡೆದವು. ಯಕ್ಷಗಾನ ಮೇಳಗಳ ತಿರುಗಾಟ ಅರ್ಧಕ್ಕೆ ನಿಂತು ಚೆಂಡೆ-ಮದ್ದಲೆಗಳು ಗೋಡೆಯ ಗೂಟಕ್ಕೇರಿದವು. ಹಿಂದಿನ ವರ್ಷ ದೂರದ ಸುದ್ದಿಯಾಗಿದ್ದ ರೋಗ ಈ ಸಲ ಹಳ್ಳಿಯ ಹೆಬ್ಬಾಗಿಲಿಗೇ ಬಂದಿತು. ಅಂತ್ಯಕ್ರಿಯೆಗೂ ಬಂಧುಗಳು ಕೂಡಲಾರದ ಆ ದಿನಗಳನ್ನು ಯಾರೂ ಬಾಯಿಬಿಟ್ಟು ನೆನೆಯುವುದಿಲ್ಲ. ಮೇ ನಡುವಿನಲ್ಲಿ ತೌಕ್ತೆ ಚಂಡಮಾರುತ ಕರಾವಳಿಯನ್ನು ಸವರಿ ಹೋಯಿತು.

ಇಷ್ಟರಲ್ಲಿ ಮಳೆಗಾಲ. ತೋಟಿಗನಿಗೆ ಮಳೆಗಾಲವೆಂದರೆ ಕೊಳೆರೋಗದ ಭಯ. ಎಳೆಗಾಯಿಗಳು ಮೆತ್ತಗಾಗಿ ಬುಡಕ್ಕೆ ಉದುರತೊಡಗಿದರೆ ಒಂದೆರಡು ವಾರಗಳಲ್ಲಿ ವರ್ಷದ ಅನ್ನ ಮಣ್ಣುಪಾಲು. ಹಿಂದೆ ಕರಡದ ಹುಲ್ಲಿನಿಂದ ಕೊಟ್ಟೆ ಹೆಣೆದು ಪ್ರತಿಯೊಂದು ಕೊನೆಗೂ ಮಳೆಯ ಟೋಪಿಯಂತೆ ಕಟ್ಟುತ್ತಿದ್ದರು. ಈಗ ಮೈಲುತುತ್ತ ಮತ್ತು ಸುಣ್ಣವನ್ನು ನೂರು ಲೀಟರ್ ನೀರಿಗೆ ತಲಾ ಒಂದೊಂದು ಕಿಲೋದಂತೆ ಬೆರೆಸಿದ ಬೋರ್ಡೋ ದ್ರಾವಣವನ್ನು ಸಿಂಪಡಿಸುತ್ತಾರೆ. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಹುಟ್ಟಿದ ಈ ಮದ್ದನ್ನು ಕನ್ನಡದ ಅಡಿಕೆ ಮರಕ್ಕೆ ಹಚ್ಚಿದ ಕೀರ್ತಿ ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ನರದು; ಅವರು ಕೊಳೆರೋಗವನ್ನು ಕುರಿತು 1910ರಲ್ಲಿಯೇ ಬರೆದರು. ಮಳೆ ಹಿಡಿಯುವ ಮುನ್ನ ಒಂದು ಸಿಂಪಡಣೆ, ನಲವತ್ತು ದಿನಗಳ ಅನಂತರ ಇನ್ನೊಂದು. ಎರಡನೆಯದಕ್ಕೆ ಜುಲೈ ತಿಂಗಳಿನಲ್ಲಿ ಕೆಲವು ಗಂಟೆಗಳ ಹೊಳವು ಬೇಕು.

2021ರ ಜುಲೈ ಆ ಹೊಳವನ್ನು ಕೊಡಲಿಲ್ಲ. ತಿಂಗಳ ಮೂರನೆಯ ವಾರದಲ್ಲಿ ಆಕಾಶ ಹರಿದುಬಿದ್ದಂತೆ ಮಳೆ ಸುರಿಯಿತು. ಬೇಡ್ತಿ ಹೊಳೆ ಘಟ್ಟವಿಳಿದು ಗಂಗಾವಳಿಯಾಗಿ ಹರಿಯುವ ದಾರಿಯಲ್ಲಿ ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು. ಆಚೆಯ ಹಳ್ಳಿಗಳು ದ್ವೀಪಗಳಾದವು. ಅರಬೈಲು ಘಟ್ಟದಲ್ಲಿ ಮಣ್ಣು ಕುಸಿದು ಹುಬ್ಬಳ್ಳಿ-ಅಂಕೋಲೆಯ ಹೆದ್ದಾರಿ ಮುಚ್ಚಿತು. ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಬೆಟ್ಟಗಳೇ ಜಾರಿದವು.

ಆ ನಾಡಿನ ತೋಟದ ರಚನೆಯನ್ನು ತಿಳಿಯದವರಿಗೆ ಈ ಪೆಟ್ಟಿನ ಆಳ ಅರಿವಾಗದು. ಅಡಿಕೆ ತೋಟ ಇರುವುದು ಕಣಿವೆಯ ತಳದಲ್ಲಿ, ನೀರು ಜಿನುಗುವ ಜಾಗದಲ್ಲಿ. ಅದರ ನೆತ್ತಿಯ ಇಳಿಜಾರಿನಲ್ಲಿ ಸೊಪ್ಪಿನ ಬೆಟ್ಟ. ಬ್ರಿಟಿಷರ ಕಾಲದಿಂದ ಬಂದ ಹಕ್ಕಿನಂತೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೂ ಬೆಟ್ಟವುಂಟು. ಅಲ್ಲಿಯ ಸೊಪ್ಪು ಕೊಟ್ಟಿಗೆಗೆ ಬಂದು, ಗೊಬ್ಬರವಾಗಿ ತೋಟದ ಬುಡ ಸೇರುತ್ತದೆ. ತಲೆತಲಾಂತರದಿಂದ ತೋಟವನ್ನು ಸಾಕಿದ್ದು ಈ ಬೆಟ್ಟವೇ. ಕಳಚೆಯಲ್ಲಿ ಆ ಬೆಟ್ಟವೇ ಕೆಸರಾಗಿ ಇಳಿದು ತೋಟವನ್ನು ಹುಗಿಯಿತು. ಮನೆಗಳು ಬಿರುಕುಬಿಟ್ಟವು, ರಸ್ತೆ ಮಾಯವಾಯಿತು, ದಂಬೆಯಲ್ಲಿ ಮನೆಯಂಗಳಕ್ಕೆ ಬರುತ್ತಿದ್ದ ಬೆಟ್ಟದ ನೀರೂ ದಿಕ್ಕು ತಪ್ಪಿತು. ಹಿಂದಿನ ದಿನವಷ್ಟೆ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದ್ದ ಬಸವರಾಜ ಬೊಮ್ಮಾಯಿಯವರು ಜುಲೈ 29ರಂದು ಜಿಲ್ಲೆಗೆ ಬಂದು ಹಾನಿಯನ್ನು ನೋಡಿದರು. ಊರನ್ನೇ ಬೇರೆಡೆಗೆ ಸ್ಥಳಾಂತರಿಸುವ ಮಾತು ಹುಟ್ಟಿತು. ಮಾತಿಗೂ ಮನೆಗೂ ಎಷ್ಟು ಅಂತರವೆಂಬುದು ನಿರಾಶ್ರಿತರಾದವರಿಗೆಲ್ಲ ಗೊತ್ತು. ಭತ್ತದ ಗದ್ದೆ ಹೋದರೆ ಮರುವರ್ಷ ಬಿತ್ತಬಹುದು. ಅಡಿಕೆ ಸಸಿಯಾದರೋ ಐದಾರು ವರ್ಷ ಕಾಯಿಸಿದ ಮೇಲೆಯೇ ಮೊದಲ ಹಿಂಗಾರವನ್ನು ತೋರಿಸುತ್ತದೆ. ಐವತ್ತು ದಾಟಿದವನು ಮತ್ತೆ ಗುಂಡಿ ತೆಗೆಯುವ ಮುನ್ನ ಮಗನ ಮುಖ ನೋಡುತ್ತಾನೆ. ಮಗನಿಗೆ ಅಷ್ಟರಲ್ಲಿ ಬೆಂಗಳೂರಿನಿಂದ ಕರೆ ಬಂದಿರುತ್ತದೆ.

ಇದಾದ ಎರಡೇ ತಿಂಗಳಿಗೆ, ಬೆಲೆ! ಸೆಪ್ಟೆಂಬರಿನಲ್ಲಿ ಕೆಂಪಡಿಕೆ ಕ್ವಿಂಟಲಿಗೆ 50 ಸಾವಿರ ರೂಪಾಯಿಯ ಗಡಿ ಮುಟ್ಟಿತು. ಚಾಲಿಯೂ ಹಿಂದೆ ಕಾಣದ ಎತ್ತರಕ್ಕೇರಿತು. ಶಿರಸಿಯ ಮಾರುಕಟ್ಟೆಯ ಹರಾಜು ಕಟ್ಟೆಯಲ್ಲಿ ದಿನವೂ ಹೊಸ ಅಂಕಿ. ಅಟ್ಟದಲ್ಲಿ ಮೂಟೆಯಿದ್ದವರ ಮನೆಯಲ್ಲಿ ಹಳೆಯ ಸಾಲ ತೀರಿತು. ಹೊಸ ಕಾರು ಬಂದದ್ದೂ ಉಂಟು, ಮುಂದೆ ಹಾಕಿದ್ದ ಮದುವೆಗೆ ದಿನ ಗೊತ್ತಾದದ್ದೂ ಉಂಟು. ಯುಗಾದಿಗೆ ಮೊದಲೇ ಮಾರಿದ್ದ ಸಣ್ಣ ತೋಟಿಗನು ಮಾತ್ರ ಪತ್ರಿಕೆಯ ಧಾರಣೆಯ ಅಂಕಣವನ್ನು ಓದಿ ಮಡಿಸಿಟ್ಟನು. ಕಳಚೆಯವರಿಗಂತೂ ಆ ಅಂಕಿಗಳು ಬೇರೆ ಯಾವುದೋ ದೇಶದ ವಾರ್ತೆ. ಒಂದೇ ತಾಲೂಕಿನ ಎರಡು ಕಣಿವೆಗಳ ಪೈಕಿ ಒಂದರಲ್ಲಿ ಪಾಯಸ, ಇನ್ನೊಂದರಲ್ಲಿ ಪರಿಹಾರದ ಅರ್ಜಿ.

ನವೆಂಬರ್ 5ರಂದು ಬಲಿಪಾಡ್ಯಮಿ. ಅಲ್ಲಿಯವರು ಅದನ್ನು ದೊಡ್ಡಬ್ಬವೆಂದೇ ಕರೆಯುವುದು. ಹಸು-ಕರುಗಳಿಗೆ ಸ್ನಾನ ಮಾಡಿಸಿ, ಅಡಿಕೆ, ಪಚ್ಚೆತೆನೆ, ಚೆಂಡುಹೂಗಳನ್ನು ಪೋಣಿಸಿದ ಸರವನ್ನು ಕೊರಳಿಗೆ ಕಟ್ಟಿ ಗೋಪೂಜೆ ಮಾಡುವ ದಿನ. ತೋಟ ಹೂತುಹೋದ ಮನೆಗೆ ಆ ಸರದ ಅಡಿಕೆಯೂ ನೆರೆಮನೆಯಿಂದಲೇ ಬರಬೇಕು.

ಹಬ್ಬ ಮುಗಿದು ಹೊಸ ಕೊಯ್ಲಿಗೆ ಕೈಯಿಕ್ಕಿದರೆ, ಮುಗಿದುಹೋಗಿದ್ದ ಮಳೆ ಅಕಾಲದಲ್ಲಿ ಮತ್ತೆ ಬಂದು ನವೆಂಬರ್ ಉದ್ದಕ್ಕೂ ಕಾಡಿತು. ಬೇಯಿಸಿದ ಅಡಿಕೆ ಬಿಸಿಲಿಲ್ಲದೆ ಬೂಸಲು ಹಿಡಿಯಿತು. ಮೋಡ ಕಂಡಾಗಲೆಲ್ಲ ಮನೆಮಂದಿಯೆಲ್ಲ ಅಂಗಳಕ್ಕೆ ಓಡಿ ತಾಡಪಾಲು ಎಳೆಯುವುದು, ಬಿಸಿಲು ಬಂದರೆ ತೆಗೆಯುವುದು. ಕೊಯ್ಲು ಹಿಂದೆ ಬಿತ್ತು.

2022ರ ಮಾರ್ಚ್ 15ರಂದು ಮಾರಿಕಾಂಬೆಯ ಜಾತ್ರೆ ಮತ್ತೆ ಕೂಡಿತು. ತೇರಿನ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂಬತ್ತು ದಿನಗಳ ಜಾತ್ರೆಯಲ್ಲಿ ಒಂದು ಸಂಜೆ ಬಳೆ ಅಂಗಡಿಗಳ ಸಾಲನ್ನು ಸುತ್ತಿ, ಮಕ್ಕಳಿಗೆ ಬತ್ತಾಸು ಕೊಡಿಸಿ, ಜನ ರಾತ್ರಿಯ ಬಸ್ಸಿಗೇ ಊರಿಗೆ ಹಿಂದಿರುಗುತ್ತಿದ್ದರು. ಅಂಗಳದ ಚಾಲಿಯನ್ನು ಸುಲಿಯುವ ಕೆಲಸ ಇನ್ನೂ ಬಾಕಿಯಿತ್ತು.